ಗೋಡೆಯ ಬೂಷ್ಟು: ನೀವೇ ನಿವಾರಿಸಿರಿ

ಮಳೆಗಾಲದಲ್ಲಿ ಗೋಡೆಗಳ ಮೇಲೆ ಕಪ್ಪು ಅಥವಾ ಹಸಿರು ಬೂಷ್ಟು ಬೆಳೆಯುವುದನ್ನು ನೀವು ಕಂಡಿರುವಿರಿ. ಇದು ಬರಿಯ ಕೊಳೆಯಲ್ಲ. ತೇವದಲ್ಲಿ ಬೆಳೆಯುವ ಶಿಲೀಂಧ್ರ. ಇದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿ ಉಸಿರಿನೊಡನೆ ದೇಹವನ್ನು ಸೇರುತ್ತವೆ. ಇದರಿಂದ ಕೆಲವರಿಗೆ ಸೀನು, ಕೆಮ್ಮು ಉಂಟಾಗುತ್ತವೆ. ಉಬ್ಬಸವುಳ್ಳವರಿಗೆ ರೋಗವು ಉಲ್ಬಣಿಸಬಹುದು.

ಬಾಣಂತಿಯನ್ನೂ ಹಸುಗೂಸನ್ನೂ ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಮಲಗಿಸುವ ರೂಢಿ ಹಲವೆಡೆ ಉಂಟು. ಆ ಕೋಣೆಯಲ್ಲಿ ಬೂಷ್ಟಿದ್ದರೆ ತಾಯಿ ಮಗು ಹಗಲಿರುಳೂ ಅದೇ ಗಾಳಿಯನ್ನು ಸೇವಿಸಬೇಕಾಗುತ್ತದೆ. ಆದ್ದರಿಂದ ಹೆರಿಗೆಗೆ ಮುನ್ನವೇ ಕೋಣೆಯನ್ನು ಶುಚಿಗೊಳಿಸಿರಿ.

1. ಮೊದಲು ತೇವದ ಮೂಲವನ್ನು ನಿಲ್ಲಿಸಿರಿ. ಒಡೆದ ಹೆಂಚನ್ನು ಬದಲಾಯಿಸಿರಿ. ಬಚ್ಚಲಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ಮಾಡಿರಿ. ತೇವ ಉಳಿದರೆ ಬೂಷ್ಟು ಮರಳಿ ಬರುವುದು.

2. ಒಣ ಪೊರಕೆಯಿಂದ ಗುಡಿಸಬೇಡಿರಿ, ಕಣಗಳು ಹಾರುತ್ತವೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾರೆಯ ಗೋಡೆಯನ್ನು ಸಾಬೂನು ನೀರಿನಿಂದ ಉಜ್ಜಿ ಒರೆಸಿರಿ. ಉಬ್ಬಸವುಳ್ಳವರು ಈ ಕೆಲಸ ಮಾಡಬಾರದು.

3. ಗೋಡೆ ಪೂರ್ಣವಾಗಿ ಒಣಗಿದ ಮೇಲೆ ಸುಣ್ಣ ಬಳಿಯಿರಿ. ಬೂಷ್ಟಿನ ಮೇಲೆಯೇ ಬಳಿದರೆ ಪ್ರಯೋಜನವಿಲ್ಲ.

4. ಬಿಸಿಲು ಕಂಡ ದಿನ ಕಿಟಕಿ ತೆರೆದು, ಹಾಸಿಗೆ ಕಂಬಳಿಗಳನ್ನು ಒಣಗಿಸಿರಿ.

ಮಗುವಿಗೆ ಉಸಿರಾಟ ಕಷ್ಟವಾದರೆ ಅಥವಾ ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.