ದುಡ್ಡೂ ದಂಡ, ರಜೆಯೂ ದಂಡ: ಒಂದು ಸಿನಿಮಾದ ಲೆಕ್ಕ

ಮೂರು ಸಾವಿರದ ತೊಂಬತ್ತು ರೂಪಾಯಿ. ಗಂಡ, ಹೆಂಡತಿ ಮತ್ತು ಪ್ರೈಮರಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ ಭಾನುವಾರದ ಊಟ ಮುಗಿಸಿ, ಮಧ್ಯಾಹ್ನದ ನಿದ್ದೆಯನ್ನು ಬಿಟ್ಟುಕೊಟ್ಟು, 12 ಕಿಲೋಮೀಟರ್ ದೂರದ ಮಲ್ಟಿಪ್ಲೆಕ್ಸಿಗೆ ಹೋಗಿ ಬಂದರೆ ಇಷ್ಟಾಗುತ್ತದೆ. ಚಿತ್ರ ಚೆನ್ನಾಗಿದ್ದರೆ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಚೆನ್ನಾಗಿಲ್ಲದ ದಿನ ಒಂದೊಂದು ರೂಪಾಯಿಯೂ ನೆನಪಿಗೆ ಬರುತ್ತದೆ.

ಇದು ಮಾದರಿ ಲೆಕ್ಕ. ಟಿಕೆಟ್ ದರ ತೆರಿಗೆ ಬಿಟ್ಟು 300 ಎಂದು ಹಿಡಿದಿದ್ದೇನೆ; ಹೊಸ ಚಿತ್ರಕ್ಕೆ, ವಾರಾಂತ್ಯಕ್ಕೆ ಇದೇನೂ ಹೆಚ್ಚಲ್ಲ. ಶೇ 18ರ ಜಿಎಸ್‌ಟಿ ಸೇರಿ 354, ನಾಲ್ವರಿಗೆ 1,416. ಆನ್‌ಲೈನ್ ಬುಕಿಂಗ್ ಶುಲ್ಕ ಟಿಕೆಟಿಗೆ 30 ಮತ್ತು ಅದರ ಮೇಲಿನ ತೆರಿಗೆ, ಒಟ್ಟು 142. ಇಂಟರ್‌ವಲ್‌ನಲ್ಲಿ ಎರಡು ಪಾಪ್‌ಕಾರ್ನ್, ಎರಡು ತಂಪು ಪಾನೀಯ, ಒಂದು ಬಾಟಲಿ ನೀರು: 1,100. ಓಡಾಟಕ್ಕೆ 432.

ಈ ಕೊನೆಯ ಅಂಕಿಯಲ್ಲೊಂದು ತಮಾಷೆಯಿದೆ. 2025ರ ಫೆಬ್ರುವರಿಯ ದರಪಟ್ಟಿಯಂತೆ ಮೆಟ್ರೊದಲ್ಲಿ 10ರಿಂದ 15 ಕಿಲೋಮೀಟರಿಗೆ 60 ರೂಪಾಯಿ. ನಾಲ್ವರು ಹೋಗಿ ಬರಲು 480. ಭಾನುವಾರ ಸ್ಮಾರ್ಟ್‌ಕಾರ್ಡಿಗೆ ಶೇ 10 ರಿಯಾಯಿತಿ ಕಳೆದು 432. ಆಟೊ ಮೀಟರ್ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಹೋಗಲು 216, ಬರಲು 216, ಅಲ್ಲಿಗೂ 432. ಮೀಟರ್ ಹಾಕಿದರೆ, ಎಂಬ ಷರತ್ತನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಮತ್ತು ನ್ಯಾಯಾಲಯಗಳ ಗಮನ ಹೆಚ್ಚಾಗಿ ಇರುವುದು ಟಿಕೆಟಿನ ಮೇಲೆ. 2017ರಲ್ಲೇ ರಾಜ್ಯದಲ್ಲಿ 200 ರೂಪಾಯಿಯ ಮಿತಿ ಹೇರಿದ್ದರು, ಅದು ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 12ರಂದು ಮತ್ತೆ ಅಧಿಸೂಚನೆ ಬಂತು: ತೆರಿಗೆ ಬಿಟ್ಟು 200ಕ್ಕಿಂತ ಹೆಚ್ಚಿಗೆ ಪಡೆಯುವಂತಿಲ್ಲ, 75 ಅಥವಾ ಅದಕ್ಕಿಂತ ಕಡಿಮೆ ಸೀಟುಗಳ ಐಷಾರಾಮಿ ಪರದೆಗಳಿಗೆ ಮಾತ್ರ ವಿನಾಯಿತಿ. ಹನ್ನೊಂದೇ ದಿನಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ ಮಿತಿ ಜಾರಿಯಾಗಿದ್ದರೆ ನಮ್ಮ ಕುಟುಂಬದ ಟಿಕೆಟ್ ಖರ್ಚು 944ಕ್ಕೆ ಇಳಿಯುತ್ತಿತ್ತು. ಉಳಿತಾಯ 472, ಅಂದರೆ ಒಟ್ಟು ಖರ್ಚಿನ ಶೇ 15. ಬೇಡವೆನ್ನುವ ಮೊತ್ತವಲ್ಲ. ಆದರೆ ಜೇಬಿನ ತೂತು ಇರುವುದು ಬೇರೆ ಕಡೆ.

ದೇಶದ ಅತಿದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಯಾದ ಪಿವಿಆರ್ ಐನಾಕ್ಸ್ 2023–24ರಲ್ಲಿ ತನ್ನ ಸರಾಸರಿ ಟಿಕೆಟ್ ದರ 259 ರೂಪಾಯಿ, ತಿಂಡಿ-ಪಾನೀಯಕ್ಕೆ ಪ್ರೇಕ್ಷಕನ ಸರಾಸರಿ ಖರ್ಚು 132 ಎಂದು ತೋರಿಸಿತ್ತು. ಏನೂ ಕೊಳ್ಳದೆ ಕೂತವರೂ ಈ ಸರಾಸರಿಯೊಳಗೆ ಇದ್ದಾರೆ. ಮಕ್ಕಳಿರುವ ಮನೆಯ ಲೆಕ್ಕ ತಲೆಗೆ 275ಕ್ಕೆ ಹೋದರೆ ಅಚ್ಚರಿಯಿಲ್ಲ.

ಕೌಂಟರಿನ ದರ ಅಷ್ಟೇಕೆ ಎಂಬುದಕ್ಕೆ ಉತ್ತರ ಟಿಕೆಟ್ ಹಣ ಹಂಚುವ ರೀತಿಯಲ್ಲಿದೆ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ಎರಡು ತಿಂಗಳು ಜಟಾಪಟಿ ನಡೆದು ಒಂದು ಸೂತ್ರ ಹುಟ್ಟಿತು: ತೆರಿಗೆ ಕಳೆದ ಗಳಿಕೆಯಲ್ಲಿ ವಿತರಕರಿಗೆ ಮೊದಲ ವಾರ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಆ ಸೂತ್ರವನ್ನು ನಮ್ಮ ಕುಟುಂಬಕ್ಕೆ ಹಚ್ಚಿ ನೋಡಿ. ತೆರಿಗೆ ಬಿಟ್ಟ 1,200ರಲ್ಲಿ ಚಿತ್ರಮಂದಿರಕ್ಕೆ ದಕ್ಕುವುದು 600. ಕೌಂಟರಿನ 1,100ರಲ್ಲಿ ಶೇ 5ರ ತೆರಿಗೆ ಹೋಗಿ 1,048 ಅದರ ಗಲ್ಲಾಪೆಟ್ಟಿಗೆಗೇ ಬೀಳುತ್ತದೆ; ಅದರಲ್ಲಿ ವಿತರಕನಿಗೆ ಪಾಲಿಲ್ಲ. ಮೂಗಿಗಿಂತ ಮೂಗುತಿ ಭಾರ.

ಜೋಳದ ಕಡೆಯಿಂದಲೂ ಒಮ್ಮೆ ನೋಡಬೇಕು. ಪಾಪ್‌ಕಾರ್ನ್ ಆಗುವ ಕಾಳಿನ ತಳಿಯೇ ಬೇರೆ, ಹಾವೇರಿ-ದಾವಣಗೆರೆಯ ಹೊಲದ ಮೆಕ್ಕೆಜೋಳವನ್ನು ಬಿಸಿ ಬಾಣಲೆಗೆ ಹಾಕಿದರೆ ಹಾಗೆ ಅರಳುವುದಿಲ್ಲ. ಆ ಮಟ್ಟಿಗೆ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಹೇಳುತ್ತೇನೆ. 2025–26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಕಿಲೋಗೆ 24. ಆ ನವೆಂಬರಿನಲ್ಲಿ ಮಾರುಕಟ್ಟೆ ದರ 2,000ಕ್ಕಿಂತ ಕೆಳಗೆ ಕುಸಿದು ರೈತರು ರಸ್ತೆಗಿಳಿದಿದ್ದರು. ನಾಲ್ವರ ಒಂದು ಸಿನಿಮಾ ಖರ್ಚನ್ನು ಬೆಂಬಲ ಬೆಲೆಯಲ್ಲಿ ದುಡಿಯಲು ರೈತ 1 ಕ್ವಿಂಟಲ್ 29 ಕಿಲೋ ಜೋಳ ಮಾರಬೇಕು.

ನೀರಿನ ಬಾಟಲಿಯ ದುಡ್ಡನ್ನಂತೂ ಉಳಿಸಬಹುದು. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ ಎಂದ ಸುಪ್ರೀಂ ಕೋರ್ಟ್, 2023ರ ಜನವರಿಯ ಅದೇ ತೀರ್ಪಿನಲ್ಲಿ ಕುಡಿಯುವ ನೀರನ್ನು ಪುಕ್ಕಟೆ ಒದಗಿಸಬೇಕೆಂದೂ ಹೇಳಿದೆ. ನೀರಿನ ನಲ್ಲಿ ಸಾಮಾನ್ಯವಾಗಿ ಶೌಚಾಲಯದ ಪಕ್ಕದ ಮೂಲೆಯಲ್ಲಿ, ಲೋಟವಿಲ್ಲದೆ ನಿಂತಿರುತ್ತದೆ.

ಇನ್ನು ರಜೆಯ ಲೆಕ್ಕ. ಮೂರು ಗಂಟೆಯ ಆಟಕ್ಕೆ ಎರಡಕ್ಕೆ ಐದು ನಿಮಿಷವಿರುವಾಗ ಮನೆ ಬಿಡಬೇಕು. ದಾರಿಗೆ 45 ನಿಮಿಷ, ತಪಾಸಣೆ-ಲಿಫ್ಟ್‌ಗೆ 20, ಜಾಹೀರಾತಿಗೆ 25, ಚಿತ್ರ 150, ಇಂಟರ್‌ವಲ್ 15, ವಾಪಸಿಗೆ 45. ಒಟ್ಟು ಐದು ಗಂಟೆ. ಅದರಲ್ಲಿ ಚಿತ್ರ ಅರ್ಧ. ಜಾಹೀರಾತಿನ 25 ನಿಮಿಷ ಉತ್ಪ್ರೇಕ್ಷೆಯಲ್ಲ. 4.05ರ ಪ್ರದರ್ಶನ 4.30ಕ್ಕೆ ಶುರುವಾಯಿತೆಂದು ಬೆಂಗಳೂರಿನ ಪ್ರೇಕ್ಷಕರೊಬ್ಬರು ಗ್ರಾಹಕರ ಆಯೋಗಕ್ಕೆ ಹೋಗಿ, 2025ರ ಫೆಬ್ರುವರಿಯಲ್ಲಿ 20,000 ರೂಪಾಯಿ ಪರಿಹಾರದ ಆದೇಶ ಪಡೆದಿದ್ದರು. ಮರುತಿಂಗಳೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಕುಟುಂಬಕ್ಕೆ ಚಿತ್ರದ ಒಂದೊಂದು ನಿಮಿಷಕ್ಕೂ 20 ರೂಪಾಯಿ 60 ಪೈಸೆ ಬಿದ್ದಿದೆ. ನಾಯಕ ಕಾರಣವಿಲ್ಲದೆ ವಿದೇಶದ ಬೀದಿಯಲ್ಲಿ ಕುಣಿದ ನಾಲ್ಕು ನಿಮಿಷದ ಹಾಡಿಗೆ 82 ರೂಪಾಯಿ ಚಿಲ್ಲರೆ.

ನನ್ನ ತಕರಾರು ದರ ಏರಿತೆಂಬುದಕ್ಕಲ್ಲ, ಏರುವ ಹೊತ್ತಿಗೆ. ಚಿತ್ರ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲದ ಮೊದಲ ಮೂರು ದಿನ ಟಿಕೆಟ್ ಅತಿ ದುಬಾರಿ. ಸೋಮವಾರದ ಹೊತ್ತಿಗೆ ಬಣ್ಣ ಬಯಲಾಗಿ ದರ ಇಳಿಯುತ್ತದೆ, ಮಂಗಳವಾರ ರಿಯಾಯಿತಿಯೂ ಉಂಟು. ಆದರೆ ಮಂಗಳವಾರ ರಜೆ ಯಾರಿಗಿದೆ? ದರ ಇಳಿದರೆ ಜನ ಬರುತ್ತಾರೆಂಬುದೂ ಗುಟ್ಟಲ್ಲ. 2022ರ ಸೆಪ್ಟೆಂಬರ್ 23ರ ರಾಷ್ಟ್ರೀಯ ಸಿನಿಮಾ ದಿನ ಟಿಕೆಟಿಗೆ 75 ರೂಪಾಯಿ ಎಂದಾಗ ಒಂದೇ ದಿನ ದೇಶದಲ್ಲಿ ಸುಮಾರು 65 ಲಕ್ಷ ಮಂದಿ ಬಂದಿದ್ದರು, ಅದೂ ಶುಕ್ರವಾರ. ಹಳೆಯ ಒಂಟಿ ಪರದೆಯ ಟಾಕೀಸಿನಲ್ಲಿ 100 ರೂಪಾಯಿಯ ಟಿಕೆಟಿಗೆ ಈಗ ತೆರಿಗೆ ಶೇ 5 ಮಾತ್ರ. ನಾಲ್ವರಿಗೆ 420ರಲ್ಲಿ ಮುಗಿಯುತ್ತದೆ. ಕೆಟ್ಟ ಚಿತ್ರವನ್ನು ಆ ದುಡ್ಡಿಗೆ ಕ್ಷಮಿಸಬಹುದು. ಆದರೆ ಬೆಂಗಳೂರಿನ ಅಂಥ ಟಾಕೀಸುಗಳಲ್ಲಿ ರೆಕ್ಸ್ 2018ರ ಕೊನೆಗೆ ಮುಚ್ಚಿತು, ಕಾವೇರಿ 2024ರಲ್ಲಿ.

ಕೂತಾಗಿದೆ, ಚಿತ್ರ ಕೆಟ್ಟದೆಂದು ಗೊತ್ತಾಗಿದೆ, ಆಗೇನು ಮಾಡುವುದು? ಇಂಟರ್‌ವಲ್‌ನ ಹೊತ್ತಿಗೆ ಟಿಕೆಟ್, ಬುಕಿಂಗ್ ಶುಲ್ಕ, ವಾಪಸಿನ ಬಾಡಿಗೆ ಸೇರಿ 1,990 ಹೋದ ದುಡ್ಡು. ಕೊನೆಯವರೆಗೆ ಕೂತರೂ ಹುಟ್ಟುವುದಿಲ್ಲ. ಕೈಯಲ್ಲಿ ಇನ್ನೂ ಉಳಿದಿರುವುದು ಕೌಂಟರಿಗೆ ಎಣಿಸಬೇಕಾದ 1,100 ಮತ್ತು ದ್ವಿತೀಯಾರ್ಧದ 75 ನಿಮಿಷ. ಬೆಳಕು ಹತ್ತಿದ ಕೂಡಲೇ ಎದ್ದರೆ ಐದೂವರೆಯೊಳಗೆ ಮನೆ. ದಾರಿಯ ದರ್ಶಿನಿಯಲ್ಲಿ ನಾಲ್ಕು ಮಸಾಲೆ ದೋಸೆ, ಎರಡು ಕಾಫಿ ಮುಗಿಸಿದರೂ ಆ ಸಾವಿರದ ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಜೇಬಿನಲ್ಲೇ ಇರುತ್ತದೆ.