ಗಿರಾಕಿಗಳ ವಿಳಾಸ ಕೂಡಿಡುವ ಬಗೆ

ನಮ್ಮ ವಿಶಾಖಪಟ್ಟಣದ ಕನ್ನಡ ಮನೆಗಳಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ಗೃಹಿಣಿಯರು ನಿಮಗೂ ಪರಿಚಯವಿರಬಹುದು. ಕೈರುಚಿಯಲ್ಲಿ ಇವರಾರೂ ಕಡಿಮೆಯವರಲ್ಲ. ಆದರೂ ಎರಡು ಮೂರು ವರ್ಷಕ್ಕೊಮ್ಮೆ ವ್ಯಾಪಾರ ಕುಸಿದುಬಿಡುತ್ತದೆ. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇದು ವರ್ಗಾವಣೆಯ ಊರು. ನೌಕಾಪಡೆಯವರು, ಬ್ಯಾಂಕಿನವರು, ತೈಲ ಕಂಪನಿಯವರು ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಸಾಮಾನು ಕಟ್ಟುತ್ತಾರೆ. ಹೋದವರು ಮುಂಬಯಿಯಲ್ಲೋ ಕೊಚ್ಚಿಯಲ್ಲೋ ಕುಳಿತು ಅದೇ ಚಟ್ನಿಪುಡಿಗೆ ಹಂಬಲಿಸುತ್ತಾರೆ. ಇಲ್ಲಿ ಪುಡಿ ಕುಟ್ಟುವಾಕೆಗೆ ಅವರ ಸುಳಿವೇ ಇಲ್ಲ! ಮನೆಯ ವಿಳಾಸ ಬದಲಾಗುತ್ತದೆ, ಎಷ್ಟೋ ಸಲ ಫೋನ್ ನಂಬರೂ ಬದಲಾಗುತ್ತದೆ. ಇ-ಮೇಲ್ ವಿಳಾಸವೊಂದು ಮಾತ್ರ ಮನುಷ್ಯನ ಜೊತೆಯಲ್ಲೇ ಊರೂರು ಸುತ್ತುತ್ತದೆ. ಆದ್ದರಿಂದಲೇ ಮನೆಯಲ್ಲಿ ಉದ್ಯಮ ನಡೆಸುವವರಿಗೆ ಗಿರಾಕಿಗಳ ಇ-ಮೇಲ್ ಪಟ್ಟಿಯಷ್ಟು ಬೆಲೆಬಾಳುವ ಮೂಲಧನ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದೇನೂ ಹೊಸ ವಿಚಾರವಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಆ ಕಷ್ಟಕ್ಕೆ ಒಂದು ಪರಿಹಾರ ಕಂಡದ್ದು ಧಾರವಾಡದಲ್ಲಿ. 1933ರಲ್ಲಿ (ನಮ್ಮ ಬಂದರು ಹಡಗುಗಳಿಗೆ ತೆರೆದುಕೊಂಡದ್ದೂ ಅದೇ ವರ್ಷ) ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಪುಸ್ತಕ ಅಚ್ಚು ಹಾಕಿಸಿ ಕೊಳ್ಳುವವರಿಗಾಗಿ ಕಾಯುವ ಬದಲು ಮೊದಲೇ ಚಂದಾದಾರರನ್ನು ಮಾಡಿಕೊಂಡು, ಅವರ ವಿಳಾಸಗಳಿಗೆ ಪುಸ್ತಕ ಕಳಿಸುವ ಏರ್ಪಾಡು ಅದು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಹೆಸರು ಕೇಳಿರದ ತರುಣನ ನಾಟಕಕ್ಕೆ ಹಣ ಹೂಡುವ ಧೈರ್ಯದ ಹಿಂದೆ ಆ ಚಂದಾದಾರರ ಪಟ್ಟಿಯೂ ಇದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಪಟ್ಟಿಯನ್ನು ಮಾಡುವುದು ಹೇಗೆ? ಒಂದು ಗೆರೆ ಹಾಕಿದ ನೋಟುಪುಸ್ತಕ ಸಾಕು. ರಾಜ್ಯೋತ್ಸವದ ದಿನವೋ ಯುಗಾದಿಯ ಕೂಟದಲ್ಲೋ ಮಳಿಗೆ ಇಟ್ಟಾಗ ಅದನ್ನು ಡಬ್ಬಿಗಳ ಪಕ್ಕದಲ್ಲಿ ತೆರೆದಿಡಿ. "ಹೊಸ ತಿಂಡಿ ಮಾಡಿದಾಗ ನಿಮಗೆ ತಿಳಿಸಲೇ?" ಎಂದು ಕೇಳಿ, ಒಪ್ಪಿದವರಿಂದಲೇ ವಿಳಾಸ ಬರೆಸಿಕೊಳ್ಳಿ. ಒಂದು ಅಕ್ಷರ ತಪ್ಪಿದರೂ ಪತ್ರ ತಲಪುವುದಿಲ್ಲವಾದ್ದರಿಂದ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆಯಲು ಹೇಳಿ. ಕಚೇರಿಯ ವಿಳಾಸ ಬೇಡ. ನೌಕರಿ ಬಿಟ್ಟ ದಿನವೇ ಅದು ಸತ್ತುಹೋಗುತ್ತದೆ. ಪಕ್ಕದಲ್ಲಿ ತಾರೀಖು, ಅವರು ಏನು ಕೊಂಡರು ಎಂಬುದನ್ನು ನೀವೇ ಗುರುತು ಹಾಕಿಕೊಳ್ಳಿ. ನನಗೆ ಪರಿಚಯದ ಒಬ್ಬಾಕೆಯ ಪುಸ್ತಕದಲ್ಲಿ ಮೊದಲ ಸಲ ಬರೆದವರು 18 ಮಂದಿ ಮಾತ್ರ. ಆದರೆ ಅವರೆಲ್ಲ ಆಕೆಯ ಕೊಬ್ಬರಿ ಚಟ್ನಿಪುಡಿ ತಿಂದು ನೋಡಿದವರು! ಗುರುತಿಲ್ಲದ ಸಾವಿರ ಹೆಸರಿಗಿಂತ ಆ 18 ಮೇಲು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಪಟ್ಟಿ ಕಟ್ಟುವ ಶ್ರಮವೇಕೆ, ಸಂಘದ ಸದಸ್ಯರ ಪಟ್ಟಿಯನ್ನೇ ಕೊಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಕೇಳುವವರು ನಮ್ಮವರೇ, ಉದ್ದೇಶವೂ ಕೆಟ್ಟದ್ದಲ್ಲ. ಆದರೂ ಕೊಡಬಾರದು. ನಾವು ಸಂಘಕ್ಕೆ ವಿಳಾಸ ಕೊಟ್ಟದ್ದು ಕಾರ್ಯಕ್ರಮಗಳ ಕರೆಯೋಲೆ ಬರಲಿ ಎಂದು. ಮೆಣಸಿನಪುಡಿಯ ದರ ತಿಳಿಯಲಿ ಎಂದಲ್ಲ. ಇಂದು ಚಟ್ನಿಪುಡಿಗೆ ಕೊಟ್ಟರೆ ನಾಳೆ ನಿವೇಶನ ಮಾರುವವರಿಗೆ, ನಾಡಿದ್ದು ವಿಮೆಯ ಏಜೆಂಟರಿಗೆ ಇಲ್ಲವೆನ್ನುವುದು ಹೇಗೆ? ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ: ಯಾವ ಉದ್ದೇಶ ಹೇಳಿ ಒಪ್ಪಿಗೆ ಪಡೆದಿರೋ ಅದಕ್ಕಷ್ಟೇ ಬಳಸಬೇಕು.

ಕೇಳದೆ ಕಳಿಸುವ ಚಾಳಿ ಇಂದು ನಿನ್ನೆಯದಲ್ಲ. ಅಮೆರಿಕದಲ್ಲಿ 1978ರ ಮೇ ತಿಂಗಳಲ್ಲಿ ಗ್ಯಾರಿ ಥ್ಯೂರ್ಕ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಇ-ಮೇಲ್‌ನಲ್ಲಿ ಕಳಿಸಿದ. ಕೆಲವು ಯಂತ್ರಗಳು ಮಾರಾಟವಾದವಂತೆ, ಬೈಗುಳವೂ ಯಥೇಚ್ಛವಾಗಿ ಸಿಕ್ಕಿತಂತೆ. ಈಗ ಬೈಯುವವರೂ ಇಲ್ಲ. 'ಸ್ಪ್ಯಾಮ್' ಗುಂಡಿ ಒತ್ತಿಬಿಡುತ್ತಾರೆ. ಹಾಗೆ ಒತ್ತುವವರು ಸಾವಿರಕ್ಕೆ ಮೂರು ಮಂದಿಯನ್ನೂ ಮುಟ್ಟಬಾರದು ಎಂದು ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮ ಮಾಡಿವೆ. ಮುಟ್ಟಿದರೆ ಕೇಳಿದವರಿಗೂ ನಿಮ್ಮ ಪತ್ರ ಸರಿಯಾಗಿ ತಲಪದೆ ಹೋಗಬಹುದು. ಆದ್ದರಿಂದ ಪ್ರತಿ ಪತ್ರದ ಕೊನೆಯಲ್ಲಿ "ಬೇಡವಾದಲ್ಲಿ ಬೇಡವೆಂದು ಉತ್ತರಿಸಿ" ಎಂಬ ಸಾಲಿರಲಿ. ಬೇಡವೆಂದವರ ಹೆಸರನ್ನು ಅಂದೇ ಹೊಡೆದುಹಾಕಿ.

ಮತ್ತೊಂದು ಎಚ್ಚರಿಕೆ. ಎಲ್ಲರ ವಿಳಾಸವನ್ನೂ ಮೇಲಿನ ಸಾಲಿನಲ್ಲೇ ತುಂಬಿದರೆ ಒಬ್ಬರದು ಇನ್ನೊಬ್ಬರಿಗೆ ಕಾಣುತ್ತದೆ. ಬಿ.ಸಿ.ಸಿ. ಎಂಬ ಸಾಲಿನಲ್ಲಿ ತುಂಬಿದರೆ ಕಾಣದು. ಪುಕ್ಕಟೆಯ ಜಿ-ಮೇಲ್ ಖಾತೆಯಿಂದ ದಿನಕ್ಕೆ 500 ಮಂದಿಯವರೆಗೆ ಕಳಿಸಬಹುದು, ನಮ್ಮಂಥವರಿಗೆ ಧಾರಾಳವಾಯಿತು. ವಾಟ್ಸಾಪ್ ಗುಂಪು ಸಾಲದೇ ಎನ್ನುತ್ತೀರೇನೋ. ನೆರೆಹೊರೆಗೆ ಸಾಕು. ಆದರೆ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಶುಭೋದಯದ ಹೂಗಳ ನಡುವೆ ನಿಮ್ಮ ಹಪ್ಪಳದ ಸುದ್ದಿ ಮುಳುಗಿಯೂ ಹೋಗುತ್ತದೆ.

ಏನು ಬರೆಯಬೇಕು? ಮನೆಗೆ ಬಂದವರೊಡನೆ ಮಾತಾಡಿದಂತೆ ಬರೆದರಾಯಿತು. ತಿಂಗಳಿಗೊಂದು ಪತ್ರ ಸಾಕು. ಹಬ್ಬಕ್ಕೆ ಮುಂಚೆ ಒಂದು ಹೆಚ್ಚಾದರೆ ಯಾರೂ ಬೇಸರಿಸುವುದಿಲ್ಲ. ತೆಲುಗು ನೆರೆಯವರೂ ಪಟ್ಟಿಯಲ್ಲಿದ್ದರೆ ಎರಡು ಸಾಲು ತೆಲುಗಿನಲ್ಲೂ ಇರಲಿ. ಸಂಕ್ರಾಂತಿಗೆ ಅವರಲ್ಲಿ ಅರಿಸೆಲು; ಎಳ್ಳು-ಬೆಲ್ಲ ಬೀರುವ ನಮ್ಮ ಪದ್ಧತಿಯನ್ನು ವಿವರಿಸಿದರೆ ಕುತೂಹಲದಿಂದ ಕೊಳ್ಳುತ್ತಾರೆ. ಬೆಲ್ಲ, ಕೊಬ್ಬರಿ ಹೆಚ್ಚಿ ಒಣಗಿಸಲು ಬಿಸಿಲು ಬೇಕು, ದೂರದವರಿಗೆ ಪಾರ್ಸೆಲ್ ತಲಪಲು ವಾರವಾದರೂ ಬೇಕು. ಹಾಗಾಗಿ ಎಳ್ಳು-ಬೆಲ್ಲದ ಪತ್ರ ಡಿಸೆಂಬರ್ 20ರೊಳಗೆ ಹೊರಡಲಿ, ಬೇಡಿಕೆ ತಿಳಿಸಲು 31 ಕಡೆಯ ದಿನವೆಂದು ಅದರಲ್ಲೇ ಬರೆದಿರಲಿ.