ಬರಿದಾದ ಎಳೆಗಳ ಪತ್ತೆ

ಪಂದ್ಯದ ಕೊನೆಯ ಹದಿನೈದು ನಿಮಿಷಗಳಲ್ಲಿ ಫುಟ್‌ಬಾಲ್ ಆಟಗಾರರ ಕಾಲು ಸೋಲುತ್ತಿತ್ತು. ಚೆಂಡು ಕಣ್ಣೆದುರಿಗೇ ಇದ್ದರೂ ಅಟ್ಟಿಸಿಕೊಂಡು ಹೋಗಲು ಆಗುತ್ತಿರಲಿಲ್ಲ. ಎರಡು ದಿನ ಕಳೆದ ಮೇಲೂ ಕೆಲವರ ಓಟಕ್ಕೆ ಹಿಂದಿನ ಬಿರುಸು ಮರಳುತ್ತಿರಲಿಲ್ಲ. ಕಾರಣ ಕೇಳಿದವರಿಗೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಲ್ಯಾಕ್ಟಿಕ್ ಆಮ್ಲ. ಕಪ್ಪೆಯ ಸ್ನಾಯುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ ವಿಜ್ಞಾನಿಗಳಾದ ಹಿಲ್ ಮತ್ತು ಮೇಯರ್‌ಹಾಫ್ 1922ರ ನೊಬೆಲ್ ಪ್ರಶಸ್ತಿ ಪಡೆದಾಗಿನಿಂದ ದಣಿವಿನ ಆರೋಪವೆಲ್ಲ ಆ ಆಮ್ಲದ ತಲೆಗೇ ಬಿದ್ದಿತ್ತು. ಆದರೆ ಆಡಿ ಬಂದ ಮನುಷ್ಯನ ತೊಡೆಯೊಳಗೆ ಇಣುಕಿ ಸಾಕ್ಷ್ಯ ತರುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ದಾರಿ ತೆರೆದುಕೊಂಡದ್ದು ಆಟಕ್ಕೆ ಸಂಬಂಧವೇ ಇಲ್ಲದ ಕಡೆ. ಸ್ಟಾಕ್‌ಹೋಮ್‌ನ ಸೇಂಟ್ ಎರಿಕ್ ಆಸ್ಪತ್ರೆಯ ಯೋನಾಸ್ ಬರ್ಗ್‌ಸ್ಟ್ರಾಮ್ ಮೂತ್ರಪಿಂಡದ ರೋಗಿಗಳನ್ನು ನೋಡುತ್ತಿದ್ದ ವೈದ್ಯ. ರೋಗಿಯ ಜೀವಕೋಶದೊಳಗೆ ಎಷ್ಟು ಪೊಟ್ಯಾಸಿಯಂ ಉಳಿದಿದೆ ಎಂಬುದು ಅವರಿಗೆ ತಿಳಿಯಬೇಕಿತ್ತು. ರಕ್ತಪರೀಕ್ಷೆ ಅದನ್ನು ಹೇಳುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಡುಶೆನ್ ಸ್ನಾಯುವಿನ ಚೂರು ತೆಗೆಯಲು ಒಂದು ಸೂಜಿ ಮಾಡಿದ್ದರು. ಬರ್ಗ್‌ಸ್ಟ್ರಾಮ್ ಅಂಥದೇ ಸೂಜಿಯನ್ನು ಹೊಸದಾಗಿ ರೂಪಿಸಿದರು. ಟೊಳ್ಳು ಕೊಳವೆ, ತುದಿಯ ಬಳಿ ಪುಟ್ಟ ಕಿಂಡಿ, ಒಳಗೆ ಜಾರುವ ಹರಿತವಾದ ಇನ್ನೊಂದು ಕೊಳವೆ. ಮರಗಟ್ಟಿಸಿದ ತೊಡೆಗೆ ಇಳಿಸಿದರೆ ಕಿಂಡಿಯೊಳಗೆ ಸ್ನಾಯು ಉಬ್ಬಿ ಬರುತ್ತಿತ್ತು, ಒಳಗಿನ ಅಲಗು ಅದನ್ನು ಕತ್ತರಿಸುತ್ತಿತ್ತು. 1962ರಲ್ಲಿ ಈ ಕೆಲಸ ಪ್ರಕಟವಾಯಿತು.

ಅದೇ ಆಸ್ಪತ್ರೆಯ ಎರಿಕ್ ಹಲ್ಟ್‌ಮನ್ ಜೊತೆಗೂಡಿದ ಮೇಲೆ ಸೂಜಿ ರೋಗಿಗಳನ್ನು ಬಿಟ್ಟು ಸಂಶೋಧಕರ ತೊಡೆಗೇ ಇಳಿಯಿತು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಇದ್ದರು. ಒಬ್ಬರು ಎಡಗಾಲಿನಿಂದ, ಇನ್ನೊಬ್ಬರು ಬಲಗಾಲಿನಿಂದ ಪೆಡಲ್ ತುಳಿದರು. ಇನ್ನು ಸಾಧ್ಯವೇ ಇಲ್ಲ ಎನ್ನುವ ತನಕ ತುಳಿದು, ಎರಡೂ ಕಾಲುಗಳ ಸ್ನಾಯುವನ್ನು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್, ಅಂದರೆ ಸ್ನಾಯು ತನಗಾಗಿ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು, ಬಹುತೇಕ ಬರಿದಾಗಿತ್ತು. ಬಳಿಕ ಮೂರು ದಿನ ಪಿಷ್ಟ ತುಂಬಿದ ಊಟ. ಫಲಿತಾಂಶ ಅವರನ್ನೇ ಬೆರಗುಗೊಳಿಸಿತು: ದುಡಿದ ಕಾಲಿನ ದಾಸ್ತಾನು ದುಡಿಯದ ಕಾಲಿನದಕ್ಕಿಂತ ದುಪ್ಪಟ್ಟಾಗಿತ್ತು. 1966ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ತಮ್ಮ ದೇಹವನ್ನೇ ಒಡ್ಡಿಕೊಂಡು ನಡೆಸಿದ ಪ್ರಯೋಗಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಫಲ ಕೊಟ್ಟದ್ದು ವಿರಳ.

ಆ ಸೂಜಿಯನ್ನು ಫುಟ್‌ಬಾಲ್ ಮೈದಾನಕ್ಕೆ ತಂದವರು ಸ್ವೀಡನ್ನಿನವರೇ ಆದ ಬೆಂಗ್ಟ್ ಸಾಲ್ಟಿನ್. ಪಂದ್ಯದ ಹಿಂದಿನ ದಿನ ಕಠಿಣ ತಾಲೀಮು ಮಾಡಿ ದಾಸ್ತಾನು ಅರ್ಧಕ್ಕಿಳಿದಿದ್ದ ಆಟಗಾರರನ್ನೂ ತುಂಬಿದ ದಾಸ್ತಾನಿನವರನ್ನೂ ಅವರು ಹೋಲಿಸಿದರು. 1973ರಲ್ಲಿ ಅಂಕಿಗಳು ಹೊರಬಂದವು. ತುಂಬಿಕೊಂಡು ಬಂದವರು 12 ಕಿಲೋಮೀಟರ್ ಕ್ರಮಿಸಿದ್ದರು, ಬರಿದಾಗಿ ಬಂದವರು 9.7. ಅದಕ್ಕಿಂತ ಕಣ್ಣಿಗೆ ಹೊಡೆದದ್ದು ಬೇರೆ: ಬರಿದಾಗಿ ಬಂದವರು ತಮ್ಮ ದೂರದ ಅರ್ಧವನ್ನು ನಡೆದೇ ಮುಗಿಸಿದ್ದರು.

ಮುಂದಿನ ಒಗಟು ಸ್ವೀಡನ್ನಿನ ಮಾಲ್ಮೋ ಫುಟ್‌ಬಾಲ್ ತಂಡದಿಂದ ಬಂತು. 1982ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಲ್ಲಿನ ಆಟಗಾರರು ಪಂದ್ಯ ಮುಗಿದ ಕೂಡಲೇ, ಒಂದು ದಿನದ ಬಳಿಕ, ಎರಡು ದಿನಗಳ ಬಳಿಕ ಸೂಜಿಗೆ ತೊಡೆಯೊಡ್ಡಿದರು. ಒಂದು ದಿನದಲ್ಲಿ ದಾಸ್ತಾನು ಏರಿತ್ತು. ಎರಡನೆಯ ದಿನ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಹೊಟ್ಟೆ ತುಂಬ ಉಂಡರೂ ಚೇತರಿಕೆ ಅರ್ಧದಾರಿಯಲ್ಲಿ ತಡೆದುನಿಂತಿತ್ತು.

ಒಗಟಿಗೆ ಗಂಟುಬಿದ್ದವರು ಕೋಪನ್‌ಹೇಗನ್‌ನವರು. ಅಲ್ಲಿನ ಯೆನ್ಸ್ ಬಾಂಗ್ಸ್‌ಬೋ ಡೆನ್ಮಾರ್ಕ್‌ನ ಉನ್ನತ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದವರು. ಕೊನೆಯ ಹದಿನೈದು ನಿಮಿಷಗಳ ಕಷ್ಟ ಅವರ ಕಾಲಿಗೇ ಗೊತ್ತಿತ್ತು. ಅವರೂ ಪೀಟರ್ ಕ್ರುಸ್ಟ್ರುಪ್, ಮಾಗ್ನಿ ಮೊರ್ ಮತ್ತು ಸಂಗಡಿಗರೂ ನಾಲ್ಕನೆಯ ಡಿವಿಷನ್‌ನ ಆಟಗಾರರನ್ನು ಒಪ್ಪಿಸಿ ಸೌಹಾರ್ದ ಪಂದ್ಯಗಳನ್ನು ಆಡಿಸಿದರು. ಬಿರುಸಿನ ಓಟದ ಬೆನ್ನಿಗೇ ಆಟಗಾರನ ತೊಡೆಯಿಂದ ಚೂರು ತೆಗೆಯಬೇಕಿತ್ತು. ತಡವಾದರೆ ಸ್ನಾಯು ಸುಧಾರಿಸಿಕೊಂಡು ಸಾಕ್ಷ್ಯ ಅಳಿಸಿಹೋಗುತ್ತಿತ್ತು.

ಮೊದಲು ಬಿಡುಗಡೆಯಾದದ್ದು ಹಳೆಯ ಆರೋಪಿ. ಸ್ನಾಯುವಿನಲ್ಲಿ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲದ ಲವಣರೂಪ, ಏರಿತ್ತು ನಿಜ, ಆದರೆ ಎಷ್ಟು ಏರಿತ್ತು ಎಂಬುದಕ್ಕೂ ಓಟ ಎಷ್ಟು ಕುಂದಿತ್ತು ಎಂಬುದಕ್ಕೂ ನಂಟೇ ಕಾಣಲಿಲ್ಲ. ಗ್ಲೈಕೋಜನ್ನಿನ ಮೇಲೂ ಆರೋಪ ಹೊರಿಸುವಂತಿರಲಿಲ್ಲ. ಪಂದ್ಯ ಮುಗಿದಾಗ ಅರ್ಧಕ್ಕಿಂತ ಹೆಚ್ಚು ಉಳಿದೇ ಇತ್ತು. ಇಷ್ಟು ಉಳಿದಿದ್ದರೂ ಕಾಲೇಕೆ ಸೋಲಬೇಕು?

ಅವರು ಸರಾಸರಿಯನ್ನು ಬದಿಗಿಟ್ಟರು. ಊರಿನ ಒಟ್ಟು ದವಸ ಅಳೆದು ಯಾರ ಮನೆಯ ಕಣಜ ಬರಿದಾಗಿದೆ ಎಂದು ಹೇಳಲಾಗದು. ಸ್ನಾಯುವಿನ ತೆಳು ಪದರಗಳಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಒಂದೊಂದೇ ಎಳೆಯನ್ನು ನೋಡುತ್ತ ಹೋದರು. ಗ್ಲೈಕೋಜನ್ ಇದ್ದ ಎಳೆ ಗಾಢವಾಗಿ, ಇಲ್ಲದ್ದು ಪೇಲವವಾಗಿ ಕಾಣುತ್ತಿತ್ತು. ಪಂದ್ಯದ ಬಳಿಕದ ಚೂರುಗಳಲ್ಲಿ ಸುಮಾರು ಅರ್ಧದಷ್ಟು ಎಳೆಗಳು ಪೂರ್ತಿ ಅಥವಾ ಬಹುಪಾಲು ಬರಿದಾಗಿದ್ದವು. 2006ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಮುಂದಿನ ಅಧ್ಯಯನಗಳಲ್ಲಿ ಮಾಲ್ಮೋದ ಒಗಟೂ ಬಿಡಿಸಿಕೊಂಡಿತು. ದಾಸ್ತಾನು ಮೊದಲಿನ ಮಟ್ಟ ಮುಟ್ಟಲು ಎರಡರಿಂದ ಮೂರು ದಿನ ಬೇಕಿತ್ತು, ಬಿರುಸಿನ ಓಟಕ್ಕೆ ಬೇಕಾದ ವೇಗದ ಎಳೆಗಳೇ ಎಲ್ಲಕ್ಕಿಂತ ತಡವಾಗಿ ತುಂಬಿಕೊಳ್ಳುತ್ತಿದ್ದವು. ಗಕ್ಕನೆ ನಿಲ್ಲುವಾಗ, ತಿರುಗುವಾಗ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುವುದರಿಂದ ಎಳೆಗಳಿಗೆ ಸಣ್ಣ ಗಾಯಗಳಾಗುತ್ತವೆ. ಗಾಯಗೊಂಡ ಎಳೆ ಸಕ್ಕರೆಯನ್ನು ಸರಿಯಾಗಿ ಒಳಗೆಳೆದುಕೊಳ್ಳುವುದಿಲ್ಲ.

ಅಷ್ಟರಲ್ಲಿ ಕ್ಲಬ್‌ಗಳಲ್ಲಿ ಜಿಗಿತದ ಎತ್ತರ, ಸ್ನಾಯು ಗಾಯಗೊಂಡಾಗ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್, ನಿದ್ದೆ ಮತ್ತು ಮೈನೋವಿನ ಪ್ರಶ್ನೆಗಳು ಪಂದ್ಯದ ಮರುದಿನದ ವಾಡಿಕೆಯಾಗಿದ್ದವು. ಓಡಿದ ದೂರವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಗ್ರೆಗರಿ ಡುಪಾನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ವಾರಕ್ಕೆ ಎರಡು ಪಂದ್ಯ ಆಡಿದಾಗಲೂ ಆಟಗಾರರು ಓಡಿದ ದೂರ ಕಡಿಮೆಯಾಗಿರಲಿಲ್ಲ. ಆದರೆ ಗಾಯಗಳು ಪ್ರತಿ 1,000 ಗಂಟೆಗೆ, ವಾರಕ್ಕೊಂದೇ ಪಂದ್ಯ ಆಡಿದಾಗಿನ 4.1ರಿಂದ 25.6ಕ್ಕೆ ಏರಿದ್ದವು.